ಶಿರಸ್ತ್ರಾಣವೂ ಸವಾರನ ಇತರ ಸಾಧನಗಳೂ

ಹೊಸದಾಗಿ ಮೋಟಾರ್ ಸೈಕಲ್ ಕೊಂಡಿರತಕ್ಕ ಅಥವಾ ಕೊಳ್ಳಲು ಯೋಚಿಸುತ್ತಿರತಕ್ಕ ಕುಟುಂಬಗಳಿಗೆ ಉಪಯೋಗವಾಗಬಹುದಾದ ಕೆಲವು ಮಾತುಗಳನ್ನು ಈ ತಿಂಗಳು ಬರೆಯುತ್ತೇವೆ. ಆಯುಧಪೂಜೆಯ ಸುಮಾರಿಗೆ ನಮ್ಮ ನಾಡಿನಲ್ಲಿ ಎಷ್ಟೋ ಮನೆಗಳ ಅಂಗಳಕ್ಕೆ ಹೊಸ ವಾಹನವು ಬರುತ್ತದೆ. ಅದಕ್ಕೆ ಅರಿಸಿನ ಕುಂಕುಮಗಳನ್ನಿಟ್ಟು, ಹಾರ ಹಾಕಿ, ಗಾಲಿಯಡಿಯಲ್ಲಿ ನಿಂಬೆಯ ಹಣ್ಣನ್ನಿರಿಸಿ ಪೂಜಿಸುವುದು ರೂಢಿ. ಹೋದವರು ಸುಖವಾಗಿ ಹಿಂದಿರುಗಲಿ ಎಂಬುದೇ ಆಗ ಮನೆಮಂದಿಯೆಲ್ಲರ ಪ್ರಾರ್ಥನೆ. ಈ ಪ್ರಾರ್ಥನೆಯ ಜೊತೆಗೆ ಮನುಷ್ಯಪ್ರಯತ್ನದಿಂದ ಆಗಬೇಕಾದ ಕೆಲಸವೂ ಒಂದುಂಟು. ಅದನ್ನು ಕುರಿತೇ ಈ ಲೇಖನ.

ಸಾಮಾನ್ಯವಾಗಿ ನಡೆಯುವುದೇನು? ವಾಹನದ ಬೆಲೆ, ನೋಂದಣಿ, ವಿಮೆ ಇವುಗಳಿಗೆ ಹಣ ಕಟ್ಟುವಷ್ಟರಲ್ಲಿ ಕೈ ಬರಿದಾಗುತ್ತ ಬರುತ್ತದೆ. ಉಳಿದ ಸ್ವಲ್ಪ ಹಣವು ಆಸನದ ಹೊದಿಕೆ, ಬಣ್ಣದ ದೀಪ, ಅಬ್ಬರದ ಹಾರನ್ ಮುಂತಾದ ಅಲಂಕಾರಗಳಿಗೆ ಹೋಗುತ್ತದೆ. ಸವಾರನಿಗೆ ಒಂದು ಹೆಲ್ಮೆಟ್ ದೊರೆತರೆ ಅಲ್ಲಿಗೆ ಮುಗಿಯಿತು. ಹಿಂದೆ ಕುಳಿತುಕೊಳ್ಳುವವರಿಗೆ ರಸ್ತೆಬದಿಯಲ್ಲಿ ಸಿಕ್ಕುವ ಅಗ್ಗದ ಟೋಪಿಯೇ ಗತಿ. ನಾವು ಹೇಳತಕ್ಕದ್ದು ಇಷ್ಟೆ: ಈ ಕ್ರಮವು ತಲೆಕೆಳಗಾಗಿದೆ. ವಾಹನದ ಮೇಲೆ ಕೂರುವ ತಲೆಗಳೆಷ್ಟೆಂದು ಮೊದಲು ಎಣಿಸಿ, ಅಷ್ಟು ತಲೆಗಳಿಗೂ ಒಳ್ಳೆಯ ಶಿರಸ್ತ್ರಾಣದ ಬೆಲೆಯನ್ನು ವಾಹನದ ಬೆಲೆಯೊಡನೆಯೇ ಕೂಡಿಸಿ, ಆಮೇಲೆ ಉಳಿದದ್ದನ್ನು ಯೋಚಿಸಬೇಕು.

ಇದು ಅತಿಯಾದ ಅಂಜಿಕೆಯ ಮಾತಲ್ಲ. ಕೇಂದ್ರ ಸರಕಾರದ ವರದಿಯ ಪ್ರಕಾರ 2022ನೆಯ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಹೆಲ್ಮೆಟ್ ಧರಿಸದೆ ಮಡಿದವರು ಸುಮಾರು 50,000 ಮಂದಿ. ಅವರಲ್ಲಿ 14,000ಕ್ಕೂ ಹೆಚ್ಚು ಜನರು ವಾಹನವನ್ನು ನಡೆಸುತ್ತಿದ್ದವರಲ್ಲ, ಹಿಂದೆ ಕುಳಿತಿದ್ದವರು. ಹೆಂಡತಿ, ತಾಯಿ, ತಮ್ಮ, ಮಗಳು, ಸ್ನೇಹಿತ, ಹೀಗೆ ಸವಾರನನ್ನು ನಂಬಿ ಹತ್ತಿದವರು.

ಶಿರಸ್ತ್ರಾಣದ ಉಪಯೋಗವು ಲೋಕಕ್ಕೆ ತಿಳಿದುಬಂದ ಬಗೆಯೂ ಸ್ವಾರಸ್ಯವಾದುದು. ಅರೇಬಿಯದ ಯುದ್ಧದಲ್ಲಿ ಹೆಸರಾದ ಟಿ. ಇ. ಲಾರೆನ್ಸ್ ಎಂಬ ಆಂಗ್ಲ ಸೇನಾನಿಯು 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ಹಳ್ಳಿಯ ದಾರಿಯಲ್ಲಿ ಮೋಟಾರ್ ಸೈಕಲಿನಲ್ಲಿ ಹೋಗುತ್ತಿದ್ದನು. ಸೈಕಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಅವನು ಬಿದ್ದನು. ತಲೆಗೆ ರಕ್ಷಣೆಯಿರಲಿಲ್ಲ. ಪ್ರಜ್ಞೆ ಮರಳದೆ ಆರು ದಿನಗಳ ಮೇಲೆ ತೀರಿಕೊಂಡನು. ಅವನನ್ನು ನೋಡಲು ಬಂದಿದ್ದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಆಸ್ಟ್ರೇಲಿಯ ಮೂಲದ ಮಿದುಳಿನ ಶಸ್ತ್ರವೈದ್ಯರೂ ಒಬ್ಬರು. ಅವರು ಆಮೇಲೆ ಇಂತಹ ಪೆಟ್ಟುಗಳನ್ನು ಕುರಿತು ಶೋಧನೆ ನಡೆಸಿ, 1941ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದರು. ಸವಾರರ ಮರಣಕ್ಕೆ ತಲೆಯ ಪೆಟ್ಟೇ ಮುಖ್ಯ ಕಾರಣವೆಂದೂ, ಶಿರಸ್ತ್ರಾಣ ಧರಿಸಿದವರಿಗೆ ತಗಲುವ ಗಾಯವು ಹಗುರವೆಂದೂ ಅವರು ತೋರಿಸಿಕೊಟ್ಟರು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯವು ತನ್ನ ಮೋಟಾರ್ ಸೈಕಲ್ ಸವಾರರಿಗೆಲ್ಲ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿತು. ಈಚೆಗೆ ಅನೇಕ ದೇಶಗಳ ಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದವರು, ಹೆಲ್ಮೆಟ್ ಧರಿಸಿದರೆ ಮರಣದ ಸಂಭವವು ನೂರಕ್ಕೆ 42ರಷ್ಟೂ ತಲೆಯ ಗಾಯದ ಸಂಭವವು ನೂರಕ್ಕೆ 69ರಷ್ಟೂ ತಗ್ಗುವುದೆಂದು 2008ರಲ್ಲಿ ನಿರ್ಣಯಿಸಿದ್ದಾರೆ.

“ಇಲ್ಲೇ ಮೂಲೆಯ ಅಂಗಡಿಗೆ ಹೋಗಿ ಬರುವುದಕ್ಕೆ ಹೆಲ್ಮೆಟ್ ಏತಕ್ಕೆ?” ಎಂದು ಕೇಳುವವರಿದ್ದಾರೆ. ಅವರು ಒಂದು ಲೆಕ್ಕವನ್ನು ಗಮನಿಸಬೇಕು. ವಾಹನವು ನಿಂತೇ ಇದ್ದರೂ, ಐದಡಿ ಎತ್ತರದಿಂದ ತಲೆಯು ನೆಲಕ್ಕೆ ಬಿದ್ದಾಗ ಅದರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್ ಆಗಿರುತ್ತದೆ. ಕಲ್ಲಿನ ಅಂಚಿಗೆ ಅಷ್ಟು ವೇಗದಿಂದ ತಗುಲಿದರೆ ತಲೆಬುರುಡೆ ಒಡೆಯುವುದು ಅಸಂಭವವಲ್ಲ. ಆದುದರಿಂದ ದೂರ ಸಮೀಪಗಳೆಂಬ ಭೇದವು ಇಲ್ಲಿ ಸಲ್ಲದು.

ಇನ್ನು ಹೆಲ್ಮೆಟ್ಟಿನ ಆಯ್ಕೆ. ಹೊರಗಿನ ಗಟ್ಟಿ ಚಿಪ್ಪು ಮಾತ್ರವೇ ತಲೆಯನ್ನು ಕಾಯುವುದೆಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಮುಖ್ಯ ಕೆಲಸ ಮಾಡುವುದು ಅದರ ಒಳಗಿರುವ ಥರ್ಮೋಕೋಲಿನ ಜಾತಿಯ ದಪ್ಪ ಪದರ. ಪೆಟ್ಟು ಬಿದ್ದಾಗ ಆ ಪದರವು ತಾನು ನಜ್ಜುಗುಜ್ಜಾಗಿ, ಮಿದುಳಿಗೆ ಮುಟ್ಟತಕ್ಕ ಆಘಾತವನ್ನು ಹೀರಿಕೊಳ್ಳುತ್ತದೆ. ಹಾಗೆ ಒಮ್ಮೆ ನಜ್ಜಾದದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದ ಒಂದು ಸಾರಿ ಬಲವಾದ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಬಿರುಕು ಕಾಣದಿದ್ದರೂ ನಿರುಪಯೋಗವೇ ಸರಿ. ಪೂರ್ವೇತಿಹಾಸ ತಿಳಿಯದ ಹಳೆಯ ಹೆಲ್ಮೆಟ್ಟನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬಾರದು. ಪೆಟ್ಟು ಬೀಳದಿದ್ದರೂ ಐದು ವರ್ಷಗಳ ಸುಮಾರಿಗೆ ಬದಲಾಯಿಸಬೇಕೆಂದು ತಯಾರಕರೇ ಹೇಳುತ್ತಾರೆ.

ಕೊಳ್ಳುವಾಗ ಐ.ಎಸ್.ಐ. ಗುರುತನ್ನೂ, ಅದರ ಬಳಿ ಐ.ಎಸ್. 4151 ಎಂಬ ಸಂಖ್ಯೆಯನ್ನೂ, ತಯಾರಕರ ಪರವಾನಗಿಯ ಸಂಖ್ಯೆಯನ್ನೂ ನೋಡಬೇಕು. 2021ರ ಜೂನ್ 1ರಿಂದ ಈ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ಟುಗಳ ಮಾರಾಟವೇ ನಿಷಿದ್ಧವಾಗಿದೆ. ಆದರೂ ಸುಳ್ಳು ಗುರುತಿನ ಚೀಟಿಗಳು ಬೀದಿಯಲ್ಲಿ ಕಾಣಸಿಗುತ್ತವೆ. ಭಾರತೀಯ ಮಾನಕ ಸಂಸ್ಥೆಯು ನಡೆಸುವ ‘ಬಿ.ಐ.ಎಸ್. ಕೇರ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಪರವಾನಗಿಯ ಸಂಖ್ಯೆಯನ್ನು ಹಾಕಿ ನೋಡಿದರೆ ಸತ್ಯಾಸತ್ಯವು ತಿಳಿಯುತ್ತದೆ. ಒಳ್ಳೆಯ ಸಾಮಾನು ದೂರದಿಂದ ಬರಬೇಕೆಂದೇನೂ ಇಲ್ಲ. ನಮ್ಮ ಬೆಳಗಾವಿಯಲ್ಲಿಯೇ ಹೆಲ್ಮೆಟ್ಟುಗಳು ತಯಾರಾಗುತ್ತವೆ. ಗದ್ದವನ್ನೂ ಮುಚ್ಚುವ ಪೂರ್ಣ ಹೆಲ್ಮೆಟ್ ಎಲ್ಲಕ್ಕಿಂತ ಮೇಲು. ಕಿವಿಯ ಮೇಲಕ್ಕೇ ನಿಂತುಬಿಡುವ ಅರ್ಧ ಟೋಪಿಯು ದಂಡವನ್ನು ತಪ್ಪಿಸಿಕೊಳ್ಳುವ ಉಪಾಯವೇ ಹೊರತು ತಲೆಗೆ ರಕ್ಷಣೆಯಲ್ಲ.

ಅಳತೆಯ ವಿಷಯದಲ್ಲಿ ದಾಕ್ಷಿಣ್ಯ ಕೂಡದು. ಹುಬ್ಬಿನಿಂದ ಒಂದು ಅಂಗುಲ ಮೇಲೆ ತಲೆಯ ಸುತ್ತ ಟೇಪನ್ನು ಹಿಡಿದು ಅಳೆಯಬೇಕು. ಹೆಲ್ಮೆಟ್ಟನ್ನು ಹಾಕಿಕೊಂಡಾಗ ಕೆನ್ನೆಗಳು ಸ್ವಲ್ಪ ಒತ್ತಿದಂತಿರಬೇಕು. ಅದನ್ನು ಅಲ್ಲಾಡಿಸಿದರೆ ಮುಖದ ಚರ್ಮವೂ ಅದರೊಡನೆ ಸರಿಯಬೇಕು. ಪಟ್ಟಿಯನ್ನು ಬಿಗಿದು, ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿದರೆ ಕಳಚಿ ಬರಕೂಡದು. ಹತ್ತು ನಿಮಿಷ ಧರಿಸಿದ ಮೇಲೆ ಹಣೆಯ ಒಂದೇ ಕಡೆ ನೋವು ತೋರಿದರೆ ಬೇರೆಯದನ್ನು ನೋಡತಕ್ಕದ್ದು. ಪಟ್ಟಿ ಬಿಗಿಯದೆ ತಲೆಯ ಮೇಲೆ ಇಟ್ಟುಕೊಂಡ ಹೆಲ್ಮೆಟ್ ಬೀಳುವಾಗ ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಪಟ್ಟಿಗೂ ಗಲ್ಲಕ್ಕೂ ನಡುವೆ ಎರಡು ಬೆರಳು ಹಿಡಿಯುವಷ್ಟು ಮಾತ್ರ ಸಡಿಲವಿರಲಿ.

ಸೋದರಿಯರಿಗೆ ಇಲ್ಲಿ ಒಂದು ಮಾತು. ಎತ್ತರದ ತುರುಬಿನ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಅದು ಮುಂದಕ್ಕೆ ಜಾರಿ ಕಣ್ಣನ್ನು ಮುಚ್ಚುತ್ತದೆ. ಕೂದಲನ್ನು ಕುತ್ತಿಗೆಯ ಬಳಿ ತಗ್ಗಾಗಿ ಹೆಣೆದುಕೊಂಡರೆ ಈ ತೊಂದರೆಯಿಲ್ಲ. ಮದುವೆಗೆ ಹೋಗುವಾಗ ಮಲ್ಲಿಗೆಯ ದಂಡೆಯನ್ನು ಚೀಲದಲ್ಲಿಟ್ಟುಕೊಂಡು ಅಲ್ಲಿಗೆ ತಲಪಿದ ಮೇಲೆ ಮುಡಿಯಬಹುದು. ಹೂ ಬಾಡುವುದೆಂದು ಹೆಲ್ಮೆಟ್ಟನ್ನು ಮನೆಯಲ್ಲಿ ಬಿಡುವುದು ಯಾರಿಗೂ ಹಿತವಲ್ಲ. ಕರ್ನಾಟಕದಲ್ಲಿ ಹಿಂಬದಿಯವರಿಗೂ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದ್ದು 2016ರ ಜನವರಿಯಲ್ಲಿ. ವಾಹನವನ್ನು ಕೊಳ್ಳುವಾಗ ತಯಾರಕರು ಪ್ರಮಾಣೀಕೃತ ಹೆಲ್ಮೆಟ್ ಒದಗಿಸಬೇಕೆಂಬ ನಿಯಮವೂ ಉಂಟು; ಅದನ್ನು ಕೇಳಿ ಪಡೆಯಲು ಸಂಕೋಚಪಡಬೇಕಾಗಿಲ್ಲ.

ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದಂತೆ, ನಾಲ್ಕು ವರ್ಷಕ್ಕೆ ಕಡಿಮೆಯ ಮಗುವನ್ನು ಸವಾರನಿಗೆ ಕಟ್ಟುಪಟ್ಟಿಯಿಂದ ಭದ್ರಪಡಿಸಬೇಕು. ಒಂಬತ್ತು ತಿಂಗಳು ತುಂಬಿದ ಮಗುವಿಗೆ ಅದರ ತಲೆಗೆ ಒಪ್ಪುವ ಹೆಲ್ಮೆಟ್ ಇರಬೇಕು. ವೇಗವು ಗಂಟೆಗೆ 40 ಕಿಲೋಮೀಟರನ್ನು ಮೀರಕೂಡದು. ದೊಡ್ಡವರ ಹೆಲ್ಮೆಟ್ಟಿನೊಳಗೆ ಬಟ್ಟೆ ತುರುಕಿ ಮಗುವಿಗೆ ಹಾಕುವುದು ಸರ್ವಥಾ ಸಲ್ಲದು. ಸವಾರನ ಹೊರತು ಇನ್ನೊಬ್ಬರನ್ನು ಮಾತ್ರ ಕೂರಿಸಿಕೊಳ್ಳಲು ಕಾನೂನಿನ ಸಮ್ಮತಿಯಿರುವುದನ್ನೂ ಮರೆಯಬಾರದು. ತಂದೆ ತಾಯಿ ಇಬ್ಬರು ಮಕ್ಕಳು ಒಂದೇ ವಾಹನದಲ್ಲಿ ಜಾತ್ರೆಗೆ ಹೊರಡುವ ನೋಟವು ನಮ್ಮಲ್ಲಿ ಸಾಮಾನ್ಯವಾಗಿದ್ದರೂ ಅದು ಭಯಂಕರವಾದ ನೋಟವೇ ಸರಿ. ಆ ದಿನಕ್ಕೆ ಬಸ್ಸೇ ಲೇಸು.

ತಲೆಯ ಅನಂತರ ಕೈ. ಬೀಳುವವನು ತಿಳಿಯದೆಯೇ ಕೈಯನ್ನು ಮುಂದೆ ಚಾಚುತ್ತಾನೆ. ಅಂಗೈಯ ಚರ್ಮವು ಡಾಂಬರಿಗೆ ಉಜ್ಜಿ ಕಿತ್ತುಹೋಗುತ್ತದೆ. ಅಂಗೈಯಲ್ಲಿ ಗಟ್ಟಿ ತೊಗಲಿನ ಇಮ್ಮಡಿ ಪದರವೂ ಮಣಿಕಟ್ಟಿನಲ್ಲಿ ಬಿಗಿಯುವ ಪಟ್ಟಿಯೂ ಇರುವ ಕೈಗವಸು ಒಳ್ಳೆಯದು. ಪಾದಗಳಿಗೆ ಕಣಕಾಲನ್ನು ಮುಚ್ಚುವ ಬೂಟು ಬೇಕು. ಅದರ ದಾರವು ಹೊರಗೆ ತೂಗಾಡದಂತೆ ಒಳಗೆ ಸಿಕ್ಕಿಸಿರಬೇಕು. ಹವಾಯಿ ಚಪ್ಪಲಿಯು ಗೇರ್ ಹಾಕುವಾಗಲೂ ಜಾರುತ್ತದೆ, ಬಿದ್ದಾಗಲೂ ಕಾಪಾಡುವುದಿಲ್ಲ.

ಅನುದಿನವೂ ದೂರ ಹೋಗತಕ್ಕವರು ಜಾಕೆಟ್ಟನ್ನು ಕೊಳ್ಳುವುದು ಯುಕ್ತ. ನಮ್ಮ ಬಯಲುಸೀಮೆಯ ಬಿಸಿಲಿಗೆ ಗಾಳಿಯಾಡುವ ಜಾಲರಿಯ ಬಟ್ಟೆಯದು ಅನುಕೂಲ. ಭುಜ, ಮೊಣಕೈ, ಬೆನ್ನು ಈ ಮೂರು ಕಡೆಗಳಲ್ಲಿ ರಕ್ಷಾಫಲಕಗಳಿವೆಯೇ ಎಂಬುದನ್ನು ಒಳಗೆ ಕೈಹಾಕಿ ನೋಡಬೇಕು. ಅನೇಕ ಜಾಕೆಟ್ಟುಗಳಲ್ಲಿ ಬೆನ್ನಿನ ಭಾಗಕ್ಕೆ ಬರಿಯ ಸ್ಪಂಜಿನ ಹಾಳೆಯಿರುತ್ತದೆ. ಅದು ಆಕಾರಕ್ಕಲ್ಲದೆ ಬೇರಾವುದಕ್ಕೂ ಬಾರದು. ಭುಜ ಮೊಣಕೈಗಳ ಫಲಕದ ಮೇಲೆ ಇ.ಎನ್. 1621-1 ಎಂದೂ, ಬೆನ್ನಿನದರ ಮೇಲೆ ಇ.ಎನ್. 1621-2 ಎಂದೂ ಅಚ್ಚಾಗಿದ್ದರೆ ಅವು ಯುರೋಪಿನ ಪರೀಕ್ಷೆಗೆ ಒಳಪಟ್ಟವೆಂದು ಅರ್ಥ. ಅವುಗಳಲ್ಲಿ ಎರಡನೆಯ ದರ್ಜೆಯವು ಮೊದಲನೆಯ ದರ್ಜೆಯವಕ್ಕಿಂತ ಹೆಚ್ಚು ಆಘಾತವನ್ನು ತಡೆಯುತ್ತವೆ. ವಾಹನದ ಮೇಲೆ ಕುಳಿತು ಕೈ ಚಾಚಿದಾಗಲೂ ಫಲಕವು ಮೊಣಕೈಯ ಮೇಲೆಯೇ ನಿಲ್ಲಬೇಕು.

ಮಳೆಗಾಲದ ವಿಷಯವನ್ನು ಮಲೆನಾಡಿನವರಿಗೂ ಕರಾವಳಿಯವರಿಗೂ ಹೇಳಲೇಬೇಕು. ಅಂಗಿ ಷರಾಯಿ ಬೇರೆಬೇರೆಯಾಗಿರುವ ಮಳೆಯುಡುಪೇ ಸವಾರಿಗೆ ತಕ್ಕದ್ದು. ಸಡಿಲವಾಗಿ ಹಾರಾಡುವ ಹೊದಿಕೆಯು ಗಾಲಿಗೆ ಸಿಕ್ಕಬಹುದು. ಹಿಂದೆ ಕುಳಿತವರು ಕೊಡೆ ಬಿಚ್ಚಿ ಹಿಡಿಯುವುದು ಅತ್ಯಂತ ಅಪಾಯಕರ. ಗಾಳಿಯು ಕೊಡೆಯನ್ನು ಸೆಳೆದಾಗ ಅದನ್ನು ಹಿಡಿದವರನ್ನೂ ಸೆಳೆಯುತ್ತದೆ. ಸಾಯಂಕಾಲ ಹಿಂದಿರುಗಬೇಕಾದವರು ಕಪ್ಪು ಗಾಜಿನ ಹೆಲ್ಮೆಟ್ಟನ್ನು ಧರಿಸದೆ ತಿಳಿಗಾಜಿನದನ್ನೇ ಧರಿಸಬೇಕು. ಬೆನ್ನಿನ ಮೇಲೆ ಬೆಳಕನ್ನು ಪ್ರತಿಫಲಿಸುವ ಒಂದು ಪಟ್ಟಿಯಿದ್ದರೆ ಹಿಂದಿನಿಂದ ಬರುವ ಲಾರಿಯವನಿಗೆ ದೂರದಿಂದಲೇ ಕಾಣುತ್ತದೆ.

ಕಡೆಯದಾಗಿ ವಾಹನಕ್ಕೆ ಸೇರಿಸತಕ್ಕ ಸಾಮಾನುಗಳು. ಇವುಗಳಲ್ಲಿ ಅಗ್ರಸ್ಥಾನವು ಸೀರೆಯ ಗಾರ್ಡಿಗೆ ಸಲ್ಲಬೇಕು. ಹಿಂದಿನವರ ಬಟ್ಟೆ ಗಾಲಿಗೆ ಸಿಕ್ಕದಂತೆ ಚಕ್ರದ ಅರ್ಧವನ್ನಾದರೂ ಮುಚ್ಚುವ ತಡೆ, ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಮೆಟ್ಟು ಈ ಮೂರೂ ಇರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಾವಳಿಯ ವಿಧಿ. ಅಂದಗೆಡುತ್ತದೆಂದು ಇವುಗಳನ್ನು ಬಿಚ್ಚಿಸುವ ಯುವಕರಿದ್ದಾರೆ. ಮನೆಯವರು ಅದಕ್ಕೆ ಒಪ್ಪಬಾರದು. ಸೆರಗನ್ನೂ ದುಪಟ್ಟವನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಹತ್ತಬೇಕು. ಎರಡು ಬದಿಯ ಕನ್ನಡಿಗಳೂ ಯಥಾಸ್ಥಾನದಲ್ಲಿರಲಿ. ತರಕಾರಿಯ ಚೀಲವನ್ನು ಹ್ಯಾಂಡಲಿಗೆ ತೂಗುಹಾಕಿದರೆ ತಿರುವಿನಲ್ಲಿ ಅದು ತಡೆಯುತ್ತದೆ. ಹಿಂಬದಿಗೆ ಪೆಟ್ಟಿಗೆಯನ್ನೋ ಪಕ್ಕಕ್ಕೆ ಚೀಲವನ್ನೋ ಜೋಡಿಸುವುದು ಲೇಸು. ಎದುರಿನವರ ಕಣ್ಣು ಕುಕ್ಕುವ ದೀಪಕ್ಕೂ ಕರ್ಕಶ ಧ್ವನಿಯ ಸೈಲೆನ್ಸರಿಗೂ ಹಣ ಸುರಿಯುವುದು ವ್ಯರ್ಥ ಮಾತ್ರವಲ್ಲ, ಕಾನೂನಿಗೆ ವಿರೋಧವೂ ಹೌದು.

ಹೆಲ್ಮೆಟ್ಟನ್ನು ಕಾಪಾಡುವುದೂ ಕಷ್ಟವಲ್ಲ. ಒಳಗಿನ ಮೆತ್ತೆಯನ್ನು ಬಿಚ್ಚಿ ಸೌಮ್ಯವಾದ ಸಾಬೂನಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಪೆಟ್ರೋಲು, ಥಿನ್ನರುಗಳನ್ನು ತಾಕಿಸಬಾರದು. ಅವು ಚಿಪ್ಪನ್ನು ಕೆಡಿಸುತ್ತವೆ. ರಸ್ತೆಯಲ್ಲಿ ಯಾರಾದರೂ ಬಿದ್ದಿರುವುದನ್ನು ಕಂಡರೆ ಅವರ ಹೆಲ್ಮೆಟ್ಟನ್ನು ಅವಸರದಿಂದ ಎಳೆದು ತೆಗೆಯಬೇಡಿರಿ; ಕುತ್ತಿಗೆಗೆ ಪೆಟ್ಟಾಗಿದ್ದರೆ ಅದು ಹೆಚ್ಚಾದೀತು. ಉಸಿರು ಸರಾಗವಾಗಿದೆಯೇ ಎಂದು ನೋಡಿ, 108ಕ್ಕೆ ಕರೆ ಮಾಡಿರಿ.

ಹಣ ಸಾಲದವರು ಈ ಕ್ರಮವನ್ನು ಅನುಸರಿಸಬಹುದು: ಮೊದಲು ಇಬ್ಬರಿಗೂ ಎರಡು ಪೂರ್ಣ ಹೆಲ್ಮೆಟ್ಟುಗಳು, ಬಳಿಕ ಕೈಗವಸು, ಬಳಿಕ ಬೂಟು, ಮಳೆಗಾಲಕ್ಕೆ ಮುಂಚೆ ಮಳೆಯುಡುಪು, ಕೈಗೆ ಹಣ ಬಂದಾಗ ಜಾಕೆಟ್ಟು. ಅಲಂಕಾರವು ಇವೆಲ್ಲವೂ ಆದ ಮೇಲೆ. ಎರಡನೆಯ ಹೆಲ್ಮೆಟ್ಟನ್ನು ಕೊಳ್ಳುವ ದಿನ ಅದನ್ನು ಧರಿಸತಕ್ಕವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿರಿ. ಅವರ ತಲೆಯ ಅಳತೆಯೇ ಬೇರೆ. ಇನ್ನೊಬ್ಬರ ಅಂದಾಜಿನಿಂದ ತಂದದ್ದು ಅವರಿಗೆ ಒಪ್ಪದು. ಈ ತಿಂಗಳ ಮನೆಯ ಖರ್ಚಿನ ಪಟ್ಟಿಯಲ್ಲಿ ಆ ಒಂದು ಬಾಬನ್ನು ವಾಚಕರು ಬರೆದುಕೊಂಡರೆ ನಮ್ಮ ಬರಹ ಸಾರ್ಥಕವಾಯಿತೆಂದು ತಿಳಿಯುವೆವು.