ಕಾರ್ಖಾನೆ ಮುಚ್ಚಿದ ಟ್ರ್ಯಾಕ್ಟರಿಗೆ ಬಿಡಿಭಾಗ ಎಲ್ಲಿಂದ?



ನಿಮ್ಮ ಊರಿನಲ್ಲಿ ಎಚ್‌.ಎಂ.ಟಿ. ಟ್ರ್ಯಾಕ್ಟರು ಇನ್ನೂ ಓಡುತ್ತಿದ್ದರೆ ಅದರ ಒಡೆಯರ ಪಾಡು ನಿಮಗೆ ತಿಳಿದೇ ಇರುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ ಈ ಸರ್ಕಾರಿ ಸಂಸ್ಥೆಯು 1971ರಲ್ಲಿ ಜೆಕೊಸ್ಲೊವಾಕಿಯದ ಜೆಟರ್ ಟ್ರ್ಯಾಕ್ಟರಿನ ಮಾದರಿಯನ್ನು ಹರಿಯಾಣದ ಪಿಂಜೋರಿನಲ್ಲಿ ತಯಾರಿಸತೊಡಗಿತು. 2016ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಗಾಡಿ ಉಳಿಯಿತು, ಮಾಡಿದವರು ಇಲ್ಲವಾದರು. ಬಿತ್ತನೆಯ ಹದ ಸಿಗುವುದು ನಾಲ್ಕು ದಿನ. ಕ್ಲಚ್ ಪ್ಲೇಟಿಗಾಗಿ ಎಂಟು ದಿನ ಅಲೆದರೆ ಗತಿಯೇನು?

ಈಗ ಅಂಗಡಿಯಲ್ಲಿ ಸಿಗುವ ಸಾಮಾನು ಬೇರೆ ಬೇರೆ ಸಣ್ಣ ಕಾರ್ಖಾನೆಗಳದ್ದು. ಅದರಲ್ಲಿ ಗಟ್ಟಿಯೂ ಇದೆ, ಜೊಳ್ಳೂ ಇದೆ. ಆದ್ದರಿಂದ ಟ್ರ್ಯಾಕ್ಟರಿನ ಹೆಸರು ಹೇಳಿ ಕೇಳುವ ರೂಢಿ ಬಿಡಿ. ಬಿಚ್ಚಿದ ಹಳೆಯ ಭಾಗವನ್ನೇ ಒರೆಸಿಕೊಂಡು ಕೈಯಲ್ಲಿ ಹಿಡಿದು ಹೋಗಿ. ಬೇರಿಂಗಿನ ಅಂಚಿನಲ್ಲಿ ನಂಬರು ಕೊರೆದಿರುತ್ತದೆ. 6205 ಎಂದಿದ್ದರೆ ಒಳಗೆ 25, ಹೊರಗೆ 52, ದಪ್ಪ 15 ಮಿಲಿಮೀಟರು. ಜಗತ್ತಿನಲ್ಲಿ ಯಾರೇ ಮಾಡಲಿ, ಅಳತೆ ಅದೇ. ಹೀಗಾಗಿ ಒಳ್ಳೆಯ ಹೆಸರಿನ ಕಂಪನಿಯದನ್ನೇ ಕೊಳ್ಳಬಹುದು; ಟ್ರ್ಯಾಕ್ಟರ್ ಅಂಗಡಿಯೇ ಬೇಕೆಂದಿಲ್ಲ. ಆಯಿಲ್ ಸೀಲಿನ ಮೇಲೂ ಒಳ ಅಳತೆ, ಹೊರ ಅಳತೆ, ದಪ್ಪ ಬರೆದಿರುತ್ತದೆ. ಕ್ಲಚ್ ಪ್ಲೇಟಿನ ಅಗಲ ಅಳೆದು, ನಡುತೂತಿನ ಹಲ್ಲುಗಳನ್ನು ಎಣಿಸಿಕೊಳ್ಳಿ. ಡೀಸೆಲ್ ಪಂಪಿನ ತಗಡಿನ ಮೇಲಿರುವ ನಂಬರನ್ನು ಪಂಪು ರಿಪೇರಿಯವರಿಗೆ ಕೊಟ್ಟರೆ ಸಾಕು.

ಕ್ರ್ಯಾಂಕಿನ ವಿಷಯದಲ್ಲಿ ಮಾತ್ರ ಎಚ್ಚರ. ಹಿಂದೆ ಗ್ರೈಂಡಿಂಗ್ ಮಾಡಿಸಿದ್ದರೆ ಅದು 0.25 ಅಥವಾ 0.50 ಮಿಲಿಮೀಟರು ಸವೆದಿರುತ್ತದೆ, ಬೇರಿಂಗನ್ನೂ ಅದೇ ಅಳತೆಗೆ ತರಬೇಕು. ಹಳೆಯ ಬಿಲ್ಲು ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಅಳೆಸಿ.

ಗುಜರಿಯನ್ನು ಹೀಗಳೆಯಬೇಡಿ. ಬಿರುಕಿಲ್ಲದ ಹೌಸಿಂಗ್, ಹಲ್ಲು ಮುರಿಯದ ಗೇರು ಅಲ್ಲಿ ಸಿಕ್ಕರೆ ಹೊಸ ಜೊಳ್ಳಿಗಿಂತ ಮೇಲು. ಆದರೆ ಬ್ರೇಕು, ಸ್ಟಿಯರಿಂಗಿನ ಭಾಗಗಳನ್ನು ಅಲ್ಲಿ ಮುಟ್ಟಬೇಡಿ. ಟ್ರೈಲರಿನಲ್ಲಿ ಆಳುಗಳು ಕೂತಿರುತ್ತಾರೆ (ಕೂರಬಾರದು, ಆದರೂ ಕೂರುತ್ತಾರೆ).

ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಹಿಂದಿನ ಟೈರು, ಟ್ಯೂಬು, ಕ್ಲಚ್, ಗೇರ್ ಬಾಕ್ಸ್, ಬ್ರೇಕು, ರೇಡಿಯೇಟರುಗಳ ಜಿ.ಎಸ್‌.ಟಿ. ಶೇಕಡ 18ರಿಂದ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 2000 ರೂಪಾಯಿ ಬೆಲೆಯ ಕ್ಲಚ್ಚಿಗೆ ಮೊದಲು 2360 ಆಗುತ್ತಿತ್ತು, ಈಗ 2100. ಎಲ್ಲ ಬಿಡಿಭಾಗಗಳಿಗೂ ಈ ಇಳಿಕೆ ಇಲ್ಲ. ಬಿಲ್ಲು ಕೇಳಿ, ತೆರಿಗೆಯ ಸಾಲನ್ನು ಓದಿ. ಬಿಲ್ಲಿಲ್ಲದೆ ಅಗ್ಗಕ್ಕೆ ಕೊಡುತ್ತೇನೆಂದವನ ಸಾಮಾನು ಮೂರೇ ದಿನಕ್ಕೆ ಸೀಳಿದರೆ ಕೇಳಲು ನಿಮ್ಮ ಬಳಿ ಚೀಟಿಯೂ ಇರುವುದಿಲ್ಲ.

ಹೊಸ ಟ್ರ್ಯಾಕ್ಟರಿನ ತೆರಿಗೆಯೂ ಶೇಕಡ 12ರಿಂದ 5ಕ್ಕೆ ಇಳಿದಿರುವುದರಿಂದ ಹಳೆಯದನ್ನು ಮಾರಿಬಿಡಿ ಎನ್ನುವವರು ಬರುತ್ತಾರೆ. ಎಂಜಿನ್ ಬ್ಲಾಕು ಗಟ್ಟಿಯಾಗಿದ್ದರೆ ಅವಸರ ಬೇಡ. ಫಿಲ್ಟರು, ಸೀಲು, ಬೆಲ್ಟು, ಒಂದು ಕ್ಲಚ್ ಪ್ಲೇಟು, ಇಷ್ಟನ್ನು ಯುಗಾದಿಯ ಹೊತ್ತಿಗೇ ತಂದಿಡಿ. ಮುಂಗಾರು ಬಿದ್ದ ಮೇಲೆ ಮೆಕ್ಯಾನಿಕ್ಕೂ ಸಿಗುವುದಿಲ್ಲ.