ವಿಕ್ಸ್‌ಬರ್ಗ್‌ನ ಮುತ್ತಿಗೆ, ಧಾರವಾಡದ ಹತ್ತಿ

ಅಮೆರಿಕದ ಮಿಸಿಸಿಪಿ ನದಿಯ ದಂಡೆಯಲ್ಲಿ, ಎತ್ತರದ ದಿಬ್ಬದ ಮೇಲೆ ವಿಕ್ಸ್‌ಬರ್ಗ್ ಎಂಬ ಊರಿದೆ. ಅಂತರ್ಯುದ್ಧದ ನಡುವೆ, 1863ರ ಮೇ ತಿಂಗಳಲ್ಲಿ ಉತ್ತರದವರ ಜನರಲ್ ಗ್ರಾಂಟ್‌ನ ಸೈನ್ಯ ಎರಡು ಸಲ ಏರಿಹೋಗಿ ಸೋತು, ಕೊನೆಗೆ ಊರಿಗೆ ಮುತ್ತಿಗೆ ಹಾಕಿ ಕುಳಿತಿತು. ತೋಪಿನ ಗುಂಡುಗಳಿಗೆ ಹೆದರಿ ಜನ ದಿಬ್ಬ ಕೊರೆದು ಗವಿಗಳಲ್ಲಿ ಸಂಸಾರ ಹೂಡಿದರು, ಹೇಸರಗತ್ತೆಯ ಮಾಂಸ ತಿಂದರು. ಕಾಗದ ಮುಗಿದಾಗ ಊರಿನ ಪತ್ರಿಕೆ ಗೋಡೆಗೆ ಅಂಟಿಸುವ ಚಿತ್ತಾರದ ಹಾಳೆಯ ಹಿಂಬದಿಯಲ್ಲಿ ಅಚ್ಚಾಯಿತು. 47 ದಿನಗಳ ಬಳಿಕ, ಜುಲೈ 4ರಂದು, ದಕ್ಷಿಣದವರ ಸುಮಾರು 29 ಸಾವಿರ ಸೈನಿಕರು ಶರಣಾದರು.

ಆ ಯುದ್ಧದ ಬಿಸಿ ಧಾರವಾಡ, ಹುಬ್ಬಳ್ಳಿ, ನವಲಗುಂದದ ಎರೆ ಹೊಲಗಳಿಗೂ ತಟ್ಟಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದೊಡನೆ ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಹತ್ತಿ ಬಾರದೆ ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ಗಿರಣಿಗಳು ಬಾಗಿಲು ಮುಚ್ಚಿದವು. ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಮುಂಬೈ ಪ್ರಾಂತ್ಯದ ಮೇಲೆ ಬಿತ್ತು.

ಧಾರವಾಡ ಅವರಿಗೆ ಹೊಸದಾಗಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿ 1840ರಲ್ಲೇ ಅಮೆರಿಕದ ದಕ್ಷಿಣ ಭಾಗದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆತಂದಿತ್ತು. ಬೇರೆ ಕಡೆ ಕೈಕೊಟ್ಟ ನ್ಯೂ ಆರ್ಲಿಯನ್ಸ್ ಬೀಜ, ಕಲೆಕ್ಟರ್ ಶಾ ಅವರ ಒತ್ತಾಸೆಯಿಂದ ಇಲ್ಲಿನ ಎರೆ ಮಣ್ಣಿನಲ್ಲಿ ಹತ್ತಿತು. ಮಾರುಕಟ್ಟೆಯಲ್ಲಿ ಅದಕ್ಕೆ 'ಧಾರವಾಡ್-ಅಮೆರಿಕನ್' ಎಂಬ ಹೆಸರೇ ಬಂತು. ಜವಾರಿ ಹತ್ತಿಯನ್ನು ಹೆಣ್ಣುಮಕ್ಕಳು ಕಲ್ಲಿನ ಮೇಲಿಟ್ಟು, ಕಬ್ಬಿಣದ ಸಲಾಕೆಯನ್ನು ಪಾದದಿಂದ ಉರುಳಿಸಿ ಕಾಳು ಬೇರ್ಪಡಿಸುತ್ತಿದ್ದರು. ಅಮೆರಿಕನ್ ಹತ್ತಿಯ ಎಳೆ ಕಾಳನ್ನು ಬಿಗಿಯಾಗಿ ಹಿಡಿದಿರುವುದರಿಂದ ಆ ಉಪಾಯ ನಡೆಯಲಿಲ್ಲ. ಅದಕ್ಕೆಂದೇ ಗರಗಸದ ಹಲ್ಲಿನ ಜಿನ್ ಯಂತ್ರಗಳು ಬಂದವು. ಅವನ್ನು ತಯಾರಿಸಿ ರಿಪೇರಿ ಮಾಡಲು ಸರ್ಕಾರ ಧಾರವಾಡದಲ್ಲಿ ಕಾರ್ಖಾನೆಯನ್ನೂ ನಡೆಸಿತು.

ಯುದ್ಧ ಬಂದಾಗ ಸರ್ಕಾರದ ಕೈಕಾಲುಗಳಿಗೆ ಎಲ್ಲಿಲ್ಲದ ಚುರುಕು ಬಂತು. ಧಾರವಾಡದ ಅರಳೆಯನ್ನು ಕಾರವಾರದಲ್ಲಿ ಹಡಗಿಗೇರಿಸಬೇಕೆಂಬ ಒತ್ತಾಯಕ್ಕೆ ಮಣಿದು, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈಗೆ ಸೇರಿಸಲಾಯಿತು. ಒಂದಿಡೀ ಜಿಲ್ಲೆಯ ಯಜಮಾನಿಕೆಯೇ ಹತ್ತಿಗಾಗಿ ಬದಲಾಯಿತು! ಘಟ್ಟದ ರಸ್ತೆಗಳ ಕೆಲಸಕ್ಕೆ ವೇಗ ಬಂತು. ಹತ್ತಿಗೆ ಕಸ, ಕಾಳು ಬೆರೆಸುವವರನ್ನು ಶಿಕ್ಷಿಸಲು 1863ರಲ್ಲಿ ಮುಂಬೈ ಸರ್ಕಾರ ಕಾಯ್ದೆಯನ್ನೇ ತಂದಿತು. ಲಿವರ್‌ಪೂಲ್‌ನಲ್ಲಿ ಭಾರತದ ಹತ್ತಿಯ ಧಾರಣೆ ನಾಲ್ಕು ಪಟ್ಟಿನಷ್ಟು ಏರಿತು.

ಅದು ಉರಿಯುವ ಮನೆಯಿಂದ ಗಳ ಹಿರಿಯುವ ವ್ಯಾಪಾರ. ಅಮೆರಿಕದಿಂದ ಶಾಂತಿಯ ಸುದ್ದಿ ಬಂದಾಗಲೆಲ್ಲ ಮುಂಬೈನಲ್ಲಿ ಧಾರಣೆ ಬೀಳುತ್ತಿತ್ತು. 1865ರ ಏಪ್ರಿಲ್‌ನಲ್ಲಿ ದಕ್ಷಿಣದವರ ಜನರಲ್ ಲೀ ಶರಣಾದ. ಜುಲೈ ಹೊತ್ತಿಗೆ ಹತ್ತಿಯ ಹಣದಿಂದ ಉಬ್ಬಿದ್ದ ಮುಂಬೈನ ಶೇರುಪೇಟೆ ನೆಲಕಚ್ಚಿತು. ಮ್ಯಾಂಚೆಸ್ಟರಿಗೆ ಅಮೆರಿಕದ ಹತ್ತಿ ಮತ್ತೆ ಸಿಕ್ಕಿತು, ಇಲ್ಲಿನ ಬಂದರು, ರಸ್ತೆಗಳ ಮೇಲಿನ ಉತ್ಸಾಹ ಇಳಿಯಿತು. ಹನ್ನೊಂದು ವರ್ಷ ಕಳೆದು 1876–78ರ ಭೀಕರ ಬರ ಬಂದಾಗ ಧಾರವಾಡ ಜಿಲ್ಲೆ ತತ್ತರಿಸಿತು. 1872ರ ಜನಗಣತಿಗಿಂತ 1881ರಲ್ಲಿ ಇಲ್ಲಿ ಜನಸಂಖ್ಯೆಯೇ ಕಡಿಮೆ. ಗಿರಣಿಯ ಅಗತ್ಯಕ್ಕೆ ಓಡಿಬಂದ ಆಡಳಿತ ಬೆಳೆಗಾರನ ಅಗತ್ಯಕ್ಕೆ ಅಷ್ಟು ಬೇಗ ಓಡಿಬರಲಿಲ್ಲ.

ಆ ಅಭ್ಯಾಸ ಬ್ರಿಟಿಷರೊಂದಿಗೆ ಹಡಗು ಹತ್ತಿ ಹೋಗಲಿಲ್ಲ. 2022ರಲ್ಲಿ ಹತ್ತಿಯ ದರ ಕ್ವಿಂಟಲ್‌ಗೆ 10 ಸಾವಿರ ರೂಪಾಯಿ ದಾಟಿ, ಮುಂದಿನ ವರ್ಷ ಇಳಿಯಿತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕುಗಳ ಮೇಲೆ ಶೇ 50ರ ಸುಂಕ ಹೇರುವ ಹೊತ್ತಿಗೆ, ಕೇಂದ್ರ ಸರ್ಕಾರ ಜವಳಿ ಗಿರಣಿಗಳನ್ನು ಉಳಿಸಲು ಹತ್ತಿಯ ಮೇಲಿನ ಶೇ 11ರ ಆಮದು ಸುಂಕವನ್ನು ಕೈಬಿಟ್ಟಿತು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದದ್ದು ಡಿಸೆಂಬರ್ 31ರವರೆಗೆ ಮುಂದುವರಿಯಿತು. ರೈತರು ಹೈಬ್ರಿಡ್ ಹತ್ತಿ ಬಿಡಿಸಿ ಮಾರುಕಟ್ಟೆಗೆ ತರುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ.

ಗಿರಣಿಗೆ ಅಗ್ಗದ ಹತ್ತಿ ಬೇಡವೆಂದು ಯಾರೂ ಹೇಳಲಾರರು. ಅಲ್ಲಿಯೂ ಲಕ್ಷಾಂತರ ಕಾರ್ಮಿಕರ ಅನ್ನವಿದೆ. ಆಕ್ಷೇಪ ಇರುವುದು ವೇಗದಲ್ಲಿನ ತಾರತಮ್ಯಕ್ಕೆ. ಸುಂಕ ಇಳಿಸಲು ಒಂದು ಅಧಿಸೂಚನೆ ಸಾಕಾಯಿತು. ಉದ್ದ ಎಳೆಯ ಹತ್ತಿಗೆ 2025–26ರಲ್ಲಿ ನಿಗದಿಯಾದ, ಕ್ವಿಂಟಲ್‌ಗೆ 8,110 ರೂಪಾಯಿಯ ಬೆಂಬಲ ಬೆಲೆ ಪಡೆಯಲು ಮಾತ್ರ ರೈತ ಆ್ಯಪ್‌ನಲ್ಲಿ ನೋಂದಾಯಿಸಬೇಕಿತ್ತು, ಭಾರತೀಯ ಹತ್ತಿ ನಿಗಮದ ಕೇಂದ್ರಕ್ಕೆ ಕಾಯಬೇಕಿತ್ತು, ತೇವಾಂಶ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು. ಶೇ 8 ದಾಟಿದರೆ ಬೆಲೆ ಕಡಿತ, 12 ದಾಟಿದರೆ ಖರೀದಿಯೇ ಇಲ್ಲ. ಹಿಂಗಾರು ಮಳೆಯಲ್ಲಿ ನೆನೆದ ಹತ್ತಿ ತಂದವನು ಆ ಯಂತ್ರದ ಅಂಕಿ ನೋಡಿ, ದಲ್ಲಾಳಿ ಹೇಳಿದ ದರಕ್ಕೇ ಚೀಲ ಇಳಿಸುತ್ತಾನೆ.

ಪರಿಹಾರಕ್ಕೆ ಹೊಸ ಸಂಶೋಧನೆಯೇನೂ ಬೇಕಿಲ್ಲ. ಹತ್ತಿ ಬಿಡಿಸುವ ಮುನ್ನವೇ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯೂ ಸೇರಿದಂತೆ ಜಿಲ್ಲೆಯ ಮಾರುಕಟ್ಟೆಗಳಲ್ಲಿ ಖರೀದಿ ಕೇಂದ್ರ ತೆರೆದಿರಬೇಕು. ಒದ್ದೆ ಹತ್ತಿ ಒಣಗಿಸಲು ಚಾವಣಿಯ ಕಟ್ಟೆ, ದರ ಏರುವವರೆಗೆ ದಾಸ್ತಾನಿಟ್ಟು ಸಾಲ ಪಡೆಯಲು ಗೋದಾಮು ಬೇಕು. ಆಮದು ಸುಂಕ ಇಳಿಸುವ ಆದೇಶದ ದಿನವೇ ಖರೀದಿ ಕೇಂದ್ರಗಳ ಪಟ್ಟಿಯೂ ಹೊರಬೀಳಬೇಕು. ಜಿಲ್ಲೆಯ ಸಂಸದರು, ಶಾಸಕರು ಇಷ್ಟನ್ನು ಕೇಳಲು ಮುಂದಿನ ಅಧಿವೇಶನಕ್ಕೆ ಕಾಯಬೇಕಿಲ್ಲ.