ಫಾರ್ಮ್ಯಾಟ್ ಮಾಡಿದ್ದು ಅಳಿಸಿದ್ದಲ್ಲ



ಸೌದಿಯ ದಮ್ಮಾಮಿನ ಕಚೇರಿಯೊಂದು ಕೈಬಿಟ್ಟ ಏಳು ಕಂಪ್ಯೂಟರುಗಳನ್ನು ಊರಿನ ಶಾಲೆಗೆ ಕಳಿಸಲು ಗೆಳೆಯರು ಸೇರಿ ಹೊರಟಿದ್ದೆವು. ‘ಫಾರ್ಮ್ಯಾಟ್ ಆಗಿದೆ’ ಎಂದೇ ಕೊಟ್ಟಿದ್ದರು. ಅನುಮಾನ ಬಂದು ಒಂದರ ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಪುಕ್ಕಟೆ ಸಿಗುವ ರಿಕವರಿ ತಂತ್ರಾಂಶ ಓಡಿಸಿದೆ. ಇಕಾಮಾ (ವಾಸದ ಪರವಾನಗಿ) ಪ್ರತಿಗಳು, ಪಾಸ್‌ಪೋರ್ಟ್ ಪುಟಗಳು, ಯಾವುದೋ ಮಗುವಿನ ಲಸಿಕೆ ಚೀಟಿ ಒಂದೊಂದಾಗಿ ಪರದೆಗೆ ಬಂದವು. ನಮ್ಮಂಥದೇ ಒಂದು ಸಂಸಾರದ ಕಾಗದಗಳು. ನನಗೆ ಎದೆ ಧಸಕ್ಕೆಂದಿತು.

ಕ್ವಿಕ್ ಫಾರ್ಮ್ಯಾಟ್ ಎಂದರೆ ಪುಸ್ತಕದ ಪರಿವಿಡಿಯನ್ನಷ್ಟೇ ಹರಿದಂತೆ. ಪುಟಗಳು ಅಲ್ಲೇ ಇರುತ್ತವೆ. ಹಾರ್ಡ್‌ಡಿಸ್ಕಾದರೆ ಇಡೀ ಡಿಸ್ಕಿನ ಮೇಲೆ ಸೊನ್ನೆಗಳನ್ನು ಒಮ್ಮೆ ಬರೆಸಿದರೆ ಸಾಕು, ಏಳೇಳು ಸಲ ಬೇಕಿಲ್ಲ. ಎಸ್‌ಎಸ್‌ಡಿಗೆ ಅದು ಸಾಲದು. ಚಿಪ್‌ಗಳಲ್ಲಿ ಮಾಹಿತಿ ಇಡುವ ಈ ಬಗೆಯ ಡಿಸ್ಕು ಬರಹವನ್ನು ತನಗೆ ಬೇಕಾದ ಕಡೆ ಹಂಚಿಕೊಳ್ಳುವುದರಿಂದ ಹಳೆಯ ಪ್ರತಿ ಮೂಲೆಯಲ್ಲೆಲ್ಲೋ ಉಳಿದೀತು. ಅದಕ್ಕೆ ತಯಾರಕರೇ ಒದಗಿಸುವ ‘ಸೆಕ್ಯೂರ್ ಇರೇಸ್’ ಬಳಸಬೇಕು.

ಸೌದಿಯ ವೈಯಕ್ತಿಕ ದತ್ತಾಂಶ ರಕ್ಷಣಾ ಕಾನೂನು 2023ರ ಸೆಪ್ಟೆಂಬರ್ 14ರಿಂದ ಜಾರಿಯಲ್ಲಿದೆ. ಉದ್ದೇಶ ಮುಗಿದ ಮಾಹಿತಿಯನ್ನು ನಾಶಪಡಿಸಬೇಕು ಎನ್ನುತ್ತದೆ. ಕೊಡುವ ಕಚೇರಿಗಳೂ ಪಡೆಯುವ ನಮ್ಮ ಸಂಘಗಳೂ ಅಳಿಸುವ ಕೆಲಸ ಯಾರು ಮಾಡಬೇಕೆಂದು ಮೊದಲೇ ಬರೆದಿಟ್ಟುಕೊಳ್ಳಲಿ.

ನಮ್ಮ ಏಳೂ ಯಂತ್ರಗಳನ್ನು ಎರಡು ಶುಕ್ರವಾರ ಕೂತು ಅಳಿಸಿದೆವು. ಈಗ ಅವುಗಳಲ್ಲಿ ಕನ್ನಡ ಕೀಲಿಮಣೆಯೂ ಹೊಸದಾಗಿ ಕೂತಿದೆ.

— ಓದುಗ, ದಮ್ಮಾಮ್